ಮೂರನೇ ನಂಬರಿನ ಕಿಂಡಿ

ಕಿಂಡಿ ಒಂದಡಿ ಅಗಲ.
ಮುಖ ಪೂರ್ತಿ ಕಾಣುವುದಿಲ್ಲ, ಕೈಗಳು ಕಾಣುತ್ತವೆ.
ಕೊಬ್ಬರಿ ವಾಸನೆಯ ನೋಟು ತಿಪಟೂರಿನದು,
ಪಟ್ಟಿ ಬಿಚ್ಚದ ಹೊಸ ಕಂತೆ, ಯಾರೋ ಬಳೆ ಇಟ್ಟು ತಂದದ್ದು.
ಬ್ಯಾಂಕಿನ ಡಿಡಿ ಬಂದರೆ ಮಾತ್ರ
ನನ್ನ ಬೆರಳು ಸ್ವಲ್ಪ ತಡೆಯುತ್ತದೆ.
ಹಾಗೊಂದು ಕಾಗದ ಹಿಡಿದೇ ನಾನೂ ಬಂದಿದ್ದೆ,
ಮಧುಗಿರಿ ಬಸ್ಸಿಳಿದು, ಇದೇ ಬಿ.ಎಚ್. ರಸ್ತೆಗೆ,
ಹನ್ನೊಂದು ವರ್ಷದ ಹಿಂದೆ.

‘ಓದುವಾಗ ಒಂದು ಪೈಸೆ ಕಟ್ಟಬೇಕಿಲ್ಲಮ್ಮ’ ಅಂದಿದ್ದರು.
ಸುಳ್ಳಲ್ಲ.
ನಾನು ಓದುತ್ತಿದ್ದೆ. ಪಕ್ಕದಲ್ಲೇ ಕೂತು
ಬಡ್ಡಿಯೂ ಓದುತ್ತಿತ್ತು.
ನನಗೆ ಎರಡು ಬ್ಯಾಕ್‌ಲಾಗ್, ಅದಕ್ಕೆ ಒಂದೂ ಇಲ್ಲ.
ಈಗಲೂ ಪ್ರತಿ ತಿಂಗಳ ಐದರ ಬೆಳಿಗ್ಗೆ
ಹಾಲು ಉಕ್ಕುವ ಮೊದಲು ಫೋನು ಟಿಣ್ ಅನ್ನುತ್ತದೆ:
ನಾಲ್ಕು ಸಾವಿರದ ಎಂಟುನೂರ ಅರವತ್ತು.
ಕೆಲಸ ಸಿಕ್ಕಿತು, ಸಿಗಲಿಲ್ಲ ಅನ್ನಬಾರದು.
ಓದಿದ ಕಾಲೇಜಿನಲ್ಲೇ,
ಕಿಂಡಿಯ ಈಚೆ ಬದಿಗೆ.

ನಿನ್ನೆ, ಊಟದ ಹೊತ್ತಿಗೆ ಹತ್ತು ನಿಮಿಷ ಇದ್ದಾಗ
ಶಿರಾದಿಂದ ಬಂದವರು, ತಾಯಿ ಮಗಳು.
ತಾಯಿ ಜಬೀನಾ, ಟೈಲರ್;
ಅಳತೆ ಟೇಪು ಕೊರಳಲ್ಲೇ ಉಳಿದಿದೆ,
ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಮರೆತದ್ದಿರಬೇಕು.
ಮೂವತ್ತು ಸಾವಿರ, ಮೂಲೆಗೆ ಗುಂಡುಸೂಜಿ ಚುಚ್ಚಿ,
ರವಿಕೆ ಬಟ್ಟೆಯ ತುಂಡಿನಲ್ಲಿ ಸುತ್ತಿ.
‘ಬಿಸಿಎಗೆ. ಉಳಿದದ್ದು ಲೋನ್ ಆಗತ್ತಂತಲ್ಲ ಮೇಡಂ,
ನಿಮ್ಮ ಏಜೆಂಟು ಹೇಳಿದ್ರು.’

‘ತೊಂಬತ್ತಾರು ಸಾವಿರ’ ಅಂದೆ, ದಿನಾ ಅನ್ನುವಂತೆ.
ತಾಯಿಯ ತುಟಿ ಅಲ್ಲಾಡಿತು, ಪ್ರಾರ್ಥನೆ ಅಂದುಕೊಂಡೆ.
ಅಲ್ಲ, ಲೆಕ್ಕ.
‘ಲೈನಿಂಗ್ ಹಾಕಿದ್ದು ಮುನ್ನೂರು. ಮುನ್ನೂರಿಪ್ಪತ್ತು ರವಿಕೆ.’

ಆಗ ಹುಡುಗಿ ಬಗ್ಗಿದಳು. ಕಿಂಡಿಯಲ್ಲಿ
ಪೂರ್ತಿ ಒಂದು ಮುಖ.
‘ಎರಡನೇ ವರ್ಷಕ್ಕೂ ಇಷ್ಟೇನಾ?’

ಏಳು ವರ್ಷ ಈ ಸ್ಟೂಲಿನ ಮೇಲೆ ಕೂತಿದ್ದೇನೆ.
ಹಾಸ್ಟೆಲಲ್ಲಿ ಬಿಸಿನೀರು ಬರುತ್ತಾ ಕೇಳಿದ್ದಾರೆ,
ಟೈ ಕಡ್ಡಾಯವಾ ಕೇಳಿದ್ದಾರೆ,
ಇದನ್ನು ಯಾರೂ ಕೇಳಿರಲಿಲ್ಲ.
ನಾನೂ ಕೇಳಿರಲಿಲ್ಲ.

ಹಿಂದೆ ಮ್ಯಾನೇಜರ್ ಕೆಂಪರಾಜು ಟಿಫಿನ್ ಡಬ್ಬಿ ಬಿಚ್ಚುವ ಸದ್ದು.
ರಸೀದಿ ಪುಸ್ತಕ ಮಗುಚಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ
ಬರೆಯುತ್ತ ಹೋದೆ: ಲ್ಯಾಬು. ಯೂನಿಫಾರಂ.
ಅಭಿವೃದ್ಧಿ ಶುಲ್ಕ (ಯಾರ ಅಭಿವೃದ್ಧಿಯೋ).
ವರ್ಷಕ್ಕೆ ನೂರಕ್ಕೆ ಹತ್ತರಂತೆ ಏರುವ ಮಾತು,
ಅದು ಕರಪತ್ರದಲ್ಲಿಲ್ಲ, ನನ್ನ ಡ್ರಾಯರಿನಲ್ಲಿದೆ.
ಕೊನೆಗೆ ಬಡ್ಡಿ. ಗೆರೆ ಎಳೆದು ಮೊತ್ತ.
ಅದರ ಕೆಳಗೆ, ಇನ್ನೂ ಸಣ್ಣಗೆ:
ಸರ್ಕಾರಿ ಕಾಲೇಜಲ್ಲೂ ಬಿಸಿಎ ಇದೆ. ಅರ್ಜಿ ಇವತ್ತು ನಾಲ್ಕಕ್ಕೆ ಮುಗಿಯುತ್ತೆ.
ವಿದ್ಯಾರ್ಥಿವೇತನಕ್ಕೆ ಆದಾಯ ಪ್ರಮಾಣಪತ್ರ ಬೇಕು.
ಶಿರಾದಿಂದ ದಿನಾ ಓಡಾಡಬಹುದು.

ಹುಡುಗಿ ಓದಿದಳು, ತಾಯಿಗೆ ಉರ್ದುವಿನಲ್ಲಿ ಮೆಲ್ಲಗೆ ಹೇಳಿದಳು.
ಜಬೀನಾ ಕೊರಳಿನ ಟೇಪು ತೆಗೆದು
ಎರಡು ಬೆರಳಿಗೆ ಸುತ್ತುತ್ತ ಸುತ್ತುತ್ತ ಅಂದಳು,
‘ಕತ್ತರಿ ಹಾಕಿದ ಮೇಲೆ ಅಳತೆ ತಗೊಂಡ್ರೆ
ಬಟ್ಟೆ ವಾಪಸ್ ಬರಲ್ಲ, ಅಲ್ವಾ?’
ನೋಟಿನ ಗಂಟು ಚೀಲಕ್ಕೆ ಹಿಂತಿರುಗಿತು.

‘ಏನಾಯ್ತಮ್ಮ?’ ಕೆಂಪರಾಜು ಬಾಯಿ ತುಂಬ ಚಿತ್ರಾನ್ನ.
‘ದಾಖಲೆ ಸಾಲದು ಸಾರ್’ ಅಂದೆ.
ಹೊಟ್ಟೆಯಲ್ಲಿ ಏನೋ ಕದಲಿತು, ಹಸಿವೇ ಇರಬೇಕು.

ನಾಲ್ಕರೊಳಗೆ ತಲುಪಿದರೋ, ಗೊತ್ತಿಲ್ಲ.
ಅಲ್ಲೂ ಸಾಲು ಉದ್ದ ಇರುತ್ತದೆ,
ಮಧ್ಯಾಹ್ನ ಸರ್ವರ್ ಕೈಕೊಡುತ್ತದೆ.
ನನಗೆ ಉಳಿದದ್ದು ಕಟ್ಟೆಯ ಮೇಲೆ ಬಿದ್ದಿದ್ದ
ಒಂದು ಗುಂಡುಸೂಜಿ.
ರಸೀದಿ ಪುಸ್ತಕದ ರಟ್ಟಿಗೆ ಚುಚ್ಚಿಟ್ಟಿದ್ದೇನೆ, ಹಿಂಬದಿಗೆ.
ಹಾಳೆ ಮಗುಚುವಾಗ
ಬೆರಳಿಗೆ ತಾಗಲಿ ಅಂತ.